ಉಸಿರಿಗೆ ಮೇಲೆ ಬಂದಾಗ ಸಿಕ್ಕ ಸಂದರ್ಶನ

ಸಂದರ್ಶನ ಬೆಳಿಗ್ಗೆ ಏಳಕ್ಕೆ ನಿಗದಿಯಾಗಿತ್ತು. ಆರ್.ಟಿ. ನಗರದಿಂದ ಹೊರಟ ವರದಿಗಾರ ಫ್ಲೈಓವರ್ ಕೆಳಗೆ ಸಿಕ್ಕಿಕೊಂಡು ಹೆಬ್ಬಾಳ ಕೆರೆ ತಲುಪುವಾಗ ಒಂಬತ್ತೂವರೆ. ಅದೇ ಒಳ್ಳೆಯದಾಯಿತು. ಡಿಸೆಂಬರಿನಲ್ಲಿ ಕೊರಮೀನು ಬೇಗ ಏಳುವ ಪ್ರಾಣಿಯಲ್ಲ. ಬಿಸಿಲೇರಿ ದಡದ ಮೊಣಕಾಲುದ್ದ ನೀರು ಬೆಚ್ಚಗಾದ ಮೇಲೆಯೇ ಅದು ಜೊಂಡಿನ ಬುಡ ಬಿಟ್ಟು ಅಲುಗುವುದು.

ಹಾವಿನ ತಲೆ, ಪಟ್ಟೆ ಮೈ, ಎರಡೂವರೆ ಕೆಜಿಗೆ ಕಡಿಮೆಯಿಲ್ಲದ ಹಿರಿಯ ಅದು. ಮೊದಲೇ ಮೂರು ಷರತ್ತು ಹಾಕಿತ್ತು: ಗಾಳ ತರಬಾರದು, ರಬ್ಬರ್ ಕಪ್ಪೆ ತರಬಾರದು, ತನ್ನ ಬಾಯಿಂದ ಯಾವ ಇಲಾಖೆಯ ಹೆಸರನ್ನೂ ಹೇಳಿಸಬಾರದು. ವರದಿಗಾರ ಮೊದಲೆರಡನ್ನು ಪಾಲಿಸಿದ.

“ಯಜಮಾನ್ರೇ, ಅಮೆರಿಕದಲ್ಲಿ ಮಸ್ಕಿ ಅಂತ ಒಂದು ಮೀನಿದೆಯಂತೆ. ನಿಮ್ಮ ಹಾಗೇ ಹೊಂಚು ಹಾಕಿ ಹಿಡಿಯೋ ಜಾತಿ. ಚಳಿ ಬಂತೆಂದರೆ ಅಲ್ಲಿ ಅದನ್ನು ಹಿಡಿಯೋಕೆ ಜನ ಮುಗಿಬೀಳ್ತಾರೆ. ಇಲ್ಲಿ ನಿಮಗೆ ಆ ಮರ್ಯಾದೆ ಯಾಕಿಲ್ಲ?”

“ಗೊತ್ತು ಕಣಪ್ಪ, ಎಲ್ಲಾ ಗೊತ್ತು,” ಎಂದು ಕೊರಮೀನು ಒಂದು ಗುಳ್ಳೆ ಬಿಟ್ಟಿತು. “ಅದರ ಯೋಗ ಬೇರೆ.”

ಯೋಗ ಬೇರೆಯೇ. ಮಸ್ಕೆಲಂಜ್ ಎಂಬ ಪೂರ್ಣ ಹೆಸರಿನ ಆ ಮೀನು 1955ರಿಂದ ವಿಸ್ಕಾನ್ಸಿನ್ ರಾಜ್ಯದ ಅಧಿಕೃತ ಮೀನು. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ಸಿಗುತ್ತದೆ ಎಂಬುದು ಅಲ್ಲಿನವರ ಮಾತು. ಸರೋವರ ಹೆಪ್ಪುಗಟ್ಟುವ ಮುಂಚಿನ ಅಕ್ಟೋಬರ್, ನವೆಂಬರ್ ವಾರಗಳಲ್ಲಿ ಗಾಳದ ಕೋಲಿನ ಉಂಗುರಗಳಲ್ಲೇ ಮಂಜು ಕಟ್ಟುತ್ತಿದ್ದರೂ ದೋಣಿಗಳು ನೀರಿಗಿಳಿಯುತ್ತವೆ. ನೀರು ತಣ್ಣಗಾದಷ್ಟೂ ಮಸ್ಕಿಯ ಓಡಾಟ ನಿಧಾನವಾಗುತ್ತದೆ. ಹತ್ತು ಸಣ್ಣ ಮೀನಿನ ಹಿಂದೆ ಓಡುವ ಬದಲು ಒಂದು ದೊಡ್ಡದನ್ನೇ ನುಂಗುವ ಲೆಕ್ಕಾಚಾರ ಅದರದು. ಅದಕ್ಕೇ ಬೇಟೆಗಾರರು ಮೊಳದುದ್ದದ ಜೀವಂತ ಮೀನನ್ನು ಗಾಳಕ್ಕೆ ಚುಚ್ಚಿ, ಆದಷ್ಟು ನಿಧಾನವಾಗಿ ಎಳೆಯುತ್ತಾರೆ. ಲೂಯಿ ಸ್ಪ್ರೇ ಎಂಬಾತ ಅಲ್ಲಿನ ಚಿಪ್ಪೆವಾ ಜಲಾಶಯದಲ್ಲಿ 69 ಪೌಂಡ್ 11 ಔನ್ಸಿನ ಮಸ್ಕಿ ಹಿಡಿದದ್ದು 1949ರ ಅಕ್ಟೋಬರಿನಲ್ಲಿ. ಆ ತೂಕ ನಿಜವೋ ಬುರುಡೆಯೋ ಎಂಬ ಜಗಳ ಇವತ್ತಿಗೂ ನಿಂತಿಲ್ಲ. ಮೀನು ಹಿಡಿಯುವವರ ಮಾತಿನ ಬೆಲೆ ಎಲ್ಲ ದೇಶದಲ್ಲೂ ಒಂದೇ.

“ಹೇವರ್ಡ್ ಅನ್ನೋ ಊರಲ್ಲಿ ಮಸ್ಕಿ ಆಕಾರದ್ದೇ ಒಂದು ಮ್ಯೂಸಿಯಂ ಇದೆ. 143 ಅಡಿ ಉದ್ದ, ನಾಲ್ಕಂತಸ್ತಿನ ಎತ್ತರ. ಅದರ ಬಾಯೊಳಗೆ ನಿಂತು ಜನ ಫೋಟೋ ತೆಗೆಸಿಕೊಳ್ತಾರೆ. ನಿಮಗೆ ಇಲ್ಲಿ ಏನು ಕಟ್ಟಿದ್ದಾರೆ?”

“ಫ್ಲೈಓವರ್.”

ಇಷ್ಟು ಹೇಳಿ ಅದು ಮುಳುಗಿತು. ಮತ್ತೆ ಮೇಲೆ ಬರುವವರೆಗೆ ವರದಿಗಾರ ಕಾದ. ಈ ಸಂದರ್ಶನದ ತೊಡಕೇ ಅದು: ಉತ್ತರ ಕೊಡುವವರಿಗೆ ಉಸಿರು ಬೇಕಾದಾಗ ಮಾತ್ರ ಉತ್ತರ. ಕೊರಮೀನಿನ ಕಿವಿರುಗಳ ಮೇಲೆ ಗಾಳಿಯನ್ನೇ ಎಳೆದುಕೊಳ್ಳುವ ಇನ್ನೊಂದು ಅಂಗವಿದೆ. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೂ ಅದಕ್ಕೆ ನಡೆಯುತ್ತದೆ, ಮೇಲೆ ಬಂದು ಗಾಳಿ ಗುಟುಕರಿಸಲು ಬಿಡದಿದ್ದರೆ ಮಾತ್ರ ನಡೆಯುವುದಿಲ್ಲ. ಬಲೆಯಲ್ಲಿ ಸಿಕ್ಕಿ ಕೆಳಗೇ ಉಳಿದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಬೇಸಿಗೆಗಿಂತ ಚಳಿಯಲ್ಲಿ ಮೈಯ ಕೆಲಸ ನಿಧಾನವಾಗುವುದರಿಂದ ಗುಟುಕುಗಳ ನಡುವಿನ ಬಿಡುವೂ ಹೆಚ್ಚುತ್ತದೆ. ವರದಿಗಾರನಿಗೆ ಮಧ್ಯೆ ಒಂದು ಟೀ ಕುಡಿದು ಬರಲು ಸಾಧ್ಯವಾಯಿತು.

“ಚಳಿ ಅಂತೀರಿ. ಎಂಥ ಚಳಿ?” ಕೊರಮೀನು ಈ ಸಲ ತಾನೇ ಶುರುಮಾಡಿತು. “ಮಸ್ಕಿ ಹಿಡಿಯೋರು ನಾಲ್ಕೈದು ಡಿಗ್ರಿ ನೀರಲ್ಲಿ ಕೈ ಅದ್ದುತ್ತಾರೆ. ಈ ಊರಿನ ದಾಖಲೆ ಚಳಿ ಅಂದ್ರೆ 1884ರ ಜನವರಿ 13ರ 7.8 ಡಿಗ್ರಿ, ಅದೂ ಗಾಳಿದು. ಈಗ ಹದಿನೈದಕ್ಕೆ ಇಳಿದ್ರೆ ಯಲಹಂಕದೋರು ಮಂಕಿ ಟೋಪಿ ಹಾಕ್ಕೊಂಡು ವಾಕಿಂಗ್ ಬರ್ತಾರೆ. ಆದ್ರೂ ನಮಗೆ ಈ ಎರಡು ತಿಂಗಳೇ ಹಬ್ಬ.”

“ಯಾಕೆ?”

“ತಣ್ಣೀರಲ್ಲಿ ಉಸಿರು ಜಾಸ್ತಿ ನಿಲ್ಲುತ್ತೆ, ಅದಕ್ಕೆ.”

ಲೆಕ್ಕ ಸರಿಯಿದೆ. ಸಮುದ್ರಮಟ್ಟದಲ್ಲಿ ನಾಲ್ಕು ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 13 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. ಇಪ್ಪತ್ತು ಡಿಗ್ರಿಯಲ್ಲಿ ಅದು ಒಂಬತ್ತಕ್ಕೆ ಇಳಿಯುತ್ತದೆ, ಮೂವತ್ತರಲ್ಲಿ ಏಳೂವರೆಗೆ. ಬೆಂಗಳೂರು ಒಂಬೈನೂರು ಮೀಟರ್ ಎತ್ತರದಲ್ಲಿರುವುದರಿಂದ ಇನ್ನೂ ಹತ್ತರಲ್ಲೊಂದು ಭಾಗ ಕಡಿತ. ಉಳಿದದ್ದನ್ನು ರಾಜಕಾಲುವೆಯಲ್ಲಿ ಬರುವ ಕೊಳಚೆಯ ಬ್ಯಾಕ್ಟೀರಿಯಾಗಳು ಹಂಚಿಕೊಳ್ಳುತ್ತವೆ. ಬೇಸಿಗೆ ಬಂದರೆ ಕಟ್ಲಾ, ರೋಹು ಮುಂತಾದ, ಕಿವಿರನ್ನೇ ನಂಬಿದ ಮೀನುಗಳ ಕಥೆ ಮುಗಿಯಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ರಾಶಿ ರಾಶಿಯಾಗಿ ತೇಲಿದ್ದನ್ನು ನಗರವೇ ಮೂಗು ಮುಚ್ಚಿಕೊಂಡು ನೋಡಿದೆ.

“ಆ ತರ ಆದಾಗೆಲ್ಲಾ ನಾನು ಬದುಕಿರ್ತೀನಿ ನೋಡು, ಅದೇ ನನ್ನ ತಪ್ಪು,” ಎಂದಿತು ಕೊರಮೀನು. “ಉಸಿರು ಕಟ್ಟಿ ನಾನು ಮೇಲೆ ಬಂದು ಬಾಯಿ ಬಿಡ್ತೀನಿ. ದಡದಲ್ಲಿ ಫೈಲು ಹಿಡ್ಕೊಂಡು ನಿಂತೋರು, ‘ಸಾರ್, ಅಲ್ನೋಡಿ ಮೀನು ಎದ್ದಿತು, ಕೆರೆ ಜೀವಂತವಾಗಿದೆ’ ಅಂತ ಬರ್ಕೊಂಡು ಹೋಗ್ತಾರೆ. ನಾನು ಗಾಳಿಗೆ ಬಾಯಿ ಬಿಟ್ಟಿದ್ದು ಇವರಿಗೆ ನೀರಿನ ಸರ್ಟಿಫಿಕೇಟು. ಮಸ್ಕಿಗೆ ಆ ಕಷ್ಟ ಇಲ್ಲ. ನೀರು ಕೆಟ್ರೆ ಅದು ಸಾಯುತ್ತೆ. ಹಂಗಾಗಿ ಅಲ್ಲಿ ನೀರು ನೋಡ್ಕೋತಾರೆ.”

ವರದಿಗಾರ ಮಾತು ತಿರುಗಿಸಿ, ಅಮೆರಿಕಕ್ಕೆ ಹೋಗುವ ಯೋಚನೆ ಇಲ್ಲವೇ ಎಂದು ಕೇಳಿದ. ಬೆಂಗಳೂರಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದಾದ ಪ್ರಶ್ನೆ ಅದು.

“ವೀಸಾ ರಿಜೆಕ್ಟು. 2002ರಲ್ಲಿ ಮೇರಿಲ್ಯಾಂಡಿನ ಕ್ರಾಫ್ಟನ್ ಅನ್ನೋ ಊರಿನ ಕೊಳದಲ್ಲಿ ನಮ್ಮ ಚೀನಾ ಕಡೆ ದಾಯಾದಿ ಸಿಕ್ಕಿಬಿದ್ದ. ಕೊಳಕ್ಕೆ ವಿಷ ಹಾಕಿ ಕೊಂದರು. ಅದೇ ವರ್ಷ ನಮ್ಮ ಇಡೀ ವಂಶಕ್ಕೇ ಹಾನಿಕಾರಕ ಅಂತ ಮುದ್ರೆ ಒತ್ತಿ ಆಮದು ನಿಲ್ಲಿಸಿದರು. ಒಬ್ಬ ಮಾಡಿದ್ದಕ್ಕೆ ಇಷ್ಟೂ ಜನಕ್ಕೆ ಶಿಕ್ಷೆ.”

ಪಕ್ಕದ ತೆಲಂಗಾಣದಲ್ಲಿ ಗೌರವ ಇದೆಯಲ್ಲ ಎಂದು ವರದಿಗಾರ ಸಮಾಧಾನ ಮಾಡಿದ. ಕೊರಮೀನು ಅಲ್ಲಿನ ರಾಜ್ಯ ಮೀನು. ಪ್ರತಿ ವರ್ಷ ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಅಸ್ತಮಾ ರೋಗಿಗಳಿಗೆ ಜೀವಂತ ಕೊರಮೀನು ಮರಿಯ ಬಾಯಿಗೆ ಔಷಧಿ ತುಂಬಿ ನುಂಗಿಸುತ್ತಾರೆ.

“ಉಸಿರಿನ ಕಾಯಿಲೆಗೆ ನನ್ನ ಮರೀನ ಉಸಿರಿರೋವಾಗಲೇ ನುಂಗೋದು ಗೌರವ ಅಂತಾದ್ರೆ, ಆಗಲಿ.”

ಮಕ್ಕಳ ಮಾತು ಬಂದದ್ದೇ ಅದರ ದನಿ ಬದಲಾಯಿತು. ಮಳೆಗಾಲದಲ್ಲಿ ಕೊರಮೀನಿನ ಮರಿಗಳು ಕೆಂಪುಕಿತ್ತಳೆ ಬಣ್ಣದ ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ತಿರುಗುತ್ತವೆ, ಅಪ್ಪ ಅಮ್ಮ ಕೆಳಗಿನಿಂದ ಕಾಯುತ್ತವೆ. ಗಾಳದವರಿಗೆ ಇದು ಚೆನ್ನಾಗಿ ಗೊತ್ತು. ಗುಂಪಿನ ನಡುವೆ ಕಪ್ಪೆ ಎಸೆದರೆ ಸಾಕು, ಹಸಿವಿದ್ದರೂ ಇಲ್ಲದಿದ್ದರೂ ತಾಯಿತಂದೆ ಸಿಟ್ಟಿನಿಂದ ಕಚ್ಚುತ್ತವೆ. ಹಿಡಿದು, ಸೆಲ್ಫಿ ತೆಗೆದು, ವಾಪಸ್ ಬಿಟ್ಟೆವೆಂದು ಬೀಗುವವರೂ ಇದ್ದಾರೆ. ಅಷ್ಟರಲ್ಲಿ ಕಾವಲಿಲ್ಲದ ಮರಿಗಳಿಗೆ ಬೇರೆ ಮೀನುಗಳು ಬಾಯಿ ಹಾಕಿರುತ್ತವೆ. ಈ ವಿದ್ಯೆಯನ್ನು ಕ್ರೀಡೆ ಎನ್ನಲು ಈ ಅಂಕಣಕ್ಕೆ ಮನಸ್ಸಿಲ್ಲ.

“ಚಳಿಗಾಲದಲ್ಲಿ ಮರಿ ಇಲ್ಲ, ಸಿಟ್ಟೂ ಇಲ್ಲ. ನನ್ನನ್ನು ಹಿಡೀಬೇಕಂದ್ರೆ ಈಗ ಬನ್ನಿ,” ಎಂದಿತು ಕೊರಮೀನು. “ಜೊಂಡಿನ ಅಂಚಿಗೆ ಕಪ್ಪೆ ಬಿಡಿ, ಎಳೀಬೇಡಿ, ಸುಮ್ಮನೆ ಬಿಡಿ. ಹತ್ತು ಗಂಟೆ ಬಿಸಿಲಲ್ಲಿ ಮೂಡ್ ಬಂದ್ರೆ ನೋಡ್ತೀನಿ. ಆದ್ರೆ ನಿಮ್ಮ ಹುಡುಗರಿಗೆ ಐದು ನಿಮಿಷ ಸುಮ್ಮನಿರೋಕಾಗಲ್ಲ. ಇಪ್ಪತ್ತು ಸಾವಿರದ ರೀಲು, ಎರಡು ನಿಮಿಷದ ತಾಳ್ಮೆ. ಅಷ್ಟರಲ್ಲಿ ಕಾವಲುಗಾರ ಸೀಟಿ ಊದ್ತಾನೆ. ಮೀನು ಹಿಡಿಯೋ ಹಕ್ಕು ಟೆಂಡರ್ ಹಿಡಿದೋರದ್ದು, ಅವರು ತೆಪ್ಪದಲ್ಲಿ ಬಂದು ಬಲೆ ಬಿಡ್ತಾರೆ. ಬಲೆಗೆ ತಾಳ್ಮೆ ಬೇಕಿಲ್ಲ.”

ಸಿಕ್ಕಿದರೆ ಕೊರಮೀನಿನ ಮುಂದಿನ ಪ್ರಯಾಣವೂ ಮಸ್ಕಿಯದ್ದಲ್ಲ. ಅಲ್ಲಿ ಬಹುತೇಕರು ಅಳತೆ ಪಟ್ಟಿಯ ಮೇಲಿಟ್ಟು ನೋಡಿ ನೀರಿಗೇ ಬಿಡುತ್ತಾರೆ. ಇಲ್ಲಿ ಗಾಳಿ ಉಸಿರಾಡುವ ಗುಣವೇ ಮುಳುವು: ಅಂಗೈ ನೀರಿನ ಟಬ್ಬಿನಲ್ಲೂ ಗಂಟೆಗಟ್ಟಲೆ ಬದುಕಿರುವುದರಿಂದ ಅಂಗಡಿಯವರು ಜೀವಂತವಾಗಿಯೇ ಮಾರುತ್ತಾರೆ, ಬೆಲೆಯೂ ಹೆಚ್ಚು. ಸಂಜೆಗೆ ಯಾವುದೋ ಮನೆಯಲ್ಲಿ ಮುದ್ದೆಯ ಪಕ್ಕ ಸಾರು.

“1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಕೆರೆ ಅಂತಾರೆ. ಅಷ್ಟು ವರ್ಷದಲ್ಲಿ ನಿಮ್ಮ ವಂಶ ಕಂಡ ವಿಚಿತ್ರ ಯಾವುದು?”

“2006. ಹದಿನೈದು ವರ್ಷಕ್ಕೆ ಕೆರೇನ ಒಂದು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟರು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನೋರು 2008ರಲ್ಲಿ ಕೆರೆಗಳ ಪರವಾಗಿ ಹೈಕೋರ್ಟಿಗೆ ಹೋದರು. ಆ ದಿನಗಳಲ್ಲಿ ನಮ್ಮಜ್ಜ ದಿನಾ ಕೇಳ್ತಿದ್ದರಂತೆ: ನಾವು ಗೆಸ್ಟಾ, ಮೆನುನಾ?”

ನಗು ಮುಗಿಯುವ ಮುಂಚೆ ನೀರು ಕಲಕಿತು. ಕೊರಮೀನು ಸರ್ರನೆ ಜೊಂಡಿಗೆ ನುಗ್ಗಿತು. ಅದಿದ್ದ ಜಾಗದಲ್ಲಿ ಮೀಸೆ ಹೊತ್ತ, ಚಪ್ಪಟೆ ತಲೆಯ, ಅದಕ್ಕಿಂತ ಮೂರುಪಟ್ಟು ದಪ್ಪನೆಯ ಇನ್ನೊಂದು ಮುಖ ಮೇಲೆದ್ದಿತು: ಆಫ್ರಿಕನ್ ಕ್ಯಾಟ್‌ಫಿಶ್. ಇದೂ ಗಾಳಿ ಉಸಿರಾಡುವ ಗಿರಾಕಿ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಸ್ಥಳೀಯ ಮೀನುಗಳನ್ನೂ ಬಿಡುವುದಿಲ್ಲ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2000ದಲ್ಲಿ.

“ಸಾರ್, ಅವನದು ಬರ್ಕೊಂಡಿರಲ್ಲ, ನನ್ನದೂ ಎರಡು ಮಾತು ಬರ್ಕೊಳ್ಳಿ,” ಎಂದಿತು ಅದು. “ಫೋಟೋ ಮಾತ್ರ ಬೇಡ. ವಿಳಾಸನೂ ಹಾಕಬೇಡಿ. ಕಾಗದದ ಪ್ರಕಾರ ನಾನು ಇಲ್ಲಿಲ್ಲ.”