ಮಂಡೆಬಿಸಿ ಮೀಮಾಂಸೆ

ಕರಾವಳಿಯ ಆರ್ಥಿಕ ಇತಿಹಾಸ ಬರೆದವರು ಇಲ್ಲಿನ ಅತಿ ದೊಡ್ಡ ಉಳಿತಾಯವನ್ನು ಲೆಕ್ಕಕ್ಕೇ ಹಿಡಿದಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಬೀಜ ಹಾಕಿದ್ದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಸಂಗ್ರಹಿಸತೊಡಗಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ಕ್ರಮದಲ್ಲಿ, ಭಾನುವಾರದ ರಜೆಯನ್ನೂ ಪಡೆಯದೆ, ಇಲ್ಲಿನ ಜನ ಭಯವನ್ನು ಚಿಲ್ಲರೆ ಚಿಲ್ಲರೆಯಾಗಿ ಕಟ್ಟುತ್ತ ಬಂದಿದ್ದಾರೆ. ವೈದ್ಯರು ರೋಗವೆನ್ನುವ ಮಂಡೆಬಿಸಿ, ಅಂದರೆ ಬಿಡದೆ ಕಾಡುವ ಚಿಂತೆ, ನಗರದ ಮೂಲಸೌಕರ್ಯಗಳಲ್ಲೊಂದು, ಮಂಗಳೂರು ಈವರೆಗೆ ಸಮುದ್ರಪಾಲಾಗದೆ ಉಳಿದಿರುವುದೇ ಅದರಿಂದ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಪೂರ್ವಪಕ್ಷ ಅಮೆರಿಕದಿಂದ ಬಂದದ್ದು. ಅಲ್ಲಿನ ಮನೋವೈದ್ಯರ ಸಂಘ 1980ರಲ್ಲಿ ಈ ಕಾಯಿಲೆಗೆ ಸ್ವತಂತ್ರ ಹೆಸರು ಕೊಟ್ಟಾಗ ಒಂದು ತಿಂಗಳ ಚಿಂತೆ ಸಾಕಿತ್ತು. 1987ರಲ್ಲಿ ಅದನ್ನು ಆರು ತಿಂಗಳಿಗೆ ಏರಿಸಿದರು. ಹೊರದೇಶದವರಿಗೆ ಈ ಅವಧಿ ದೀರ್ಘವೆನಿಸಬಹುದು. ನಮ್ಮಲ್ಲಿ ಎಪ್ರಿಲ್, ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿಯುತ್ತದೆಂದು, ಜೂನಿನಿಂದ ಸೆಪ್ಟೆಂಬರ್ ತನಕ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯುತ್ತದೆಂದು ಕಳವಳಪಡುವಷ್ಟರಲ್ಲಿ ಆರು ತಿಂಗಳು ತಾನಾಗಿ ಭರ್ತಿಯಾಗುತ್ತದೆ. ಇನ್ನು ಲಕ್ಷಣಗಳು: ಚಡಪಡಿಕೆ, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಸ್ನಾಯುಬಿಗಿತ, ನಿದ್ರೆಗೇಡು. ಆರರಲ್ಲಿ ಮೂರಿದ್ದರೆ ಪಾಸು. ಐವತ್ತು ಶೇಕಡಾಕ್ಕೆ ತೃಪ್ತಿಪಡುವ ಈ ಪದ್ಧತಿಯನ್ನು ದಕ್ಷಿಣ ಕನ್ನಡದ ಯಾವ ತಂದೆತಾಯಿಯೂ ಒಪ್ಪುವವರಲ್ಲ. ಇಲ್ಲಿ ಆರಕ್ಕೆ ಆರು ತೆಗೆಯುವುದೇ ಮರ್ಯಾದೆ.

ದೇಹದ ಸಾಕ್ಷ್ಯ ಇನ್ನೂ ಬಲವಾದದ್ದು. ಅಪಾಯ ಎದುರಾದಾಗ ಎದೆಬಡಿತ ಏರುವುದು, ಜೀರ್ಣಕ್ರಿಯೆ ತಗ್ಗುವುದು, ಸ್ನಾಯು ಸೆಟೆಯುವುದು ಓಡುವುದಕ್ಕೆ ಬೇಕಾದ ಸಿದ್ಧತೆ. ಆದರೆ ಶಿರಾಡಿಯ ಗುಡ್ಡ ಹಂಪನಕಟ್ಟೆಯಿಂದ ಕಾಣುವುದಿಲ್ಲವಲ್ಲ! ಯಾವ ದಿಕ್ಕಿಗೆ ಓಡಬೇಕೆಂದು ತಿಳಿಯದ ದೇಹ ಕುರ್ಚಿಯಲ್ಲೇ ಓಡುತ್ತದೆ: ಹೊಟ್ಟೆ ಉಬ್ಬರ, ಎದೆ ಡವಡವ, ಕುತ್ತಿಗೆ ನೋವು, ಅಂಗೈ ಬೆವರು. (ಮಂಗಳೂರಿನ ಸೆಕೆಯಲ್ಲಿ ಕೊನೆಯದನ್ನು ಸಾಕ್ಷ್ಯವೆಂದು ಯಾವ ವಿದ್ವಾಂಸನೂ ಒಪ್ಪಬಾರದು.) ‘ಇದೆಲ್ಲ ಬರೀ ಗ್ಯಾಸ್ ಮಾರಾಯ್ರೇ’ ಎಂಬ ಆಕ್ಷೇಪ ಜನಪ್ರಿಯವಾದರೂ ನಿಲ್ಲುವಂಥದ್ದಲ್ಲ. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಿ ಕೊಡಲಾರಂಭಿಸಿದಂದಿನಿಂದ ಬೆಳೆಯುತ್ತಲೇ ಬಂದ ಈ ಆಸ್ಪತ್ರೆಗಳ ಊರಿನಲ್ಲಿ ಗ್ಯಾಸಿಗೊಬ್ಬರು, ಹೃದಯಕ್ಕೊಬ್ಬರು, ನರಕ್ಕೊಬ್ಬರು, ಥೈರಾಯ್ಡಿಗೊಬ್ಬರು ತಜ್ಞರಿದ್ದಾರೆ. ಚಿಂತಕ ಎಲ್ಲರನ್ನೂ ಕಂಡು ಬರುತ್ತಾನೆ; ಇಸಿಜಿ, ಎಂಡೋಸ್ಕೋಪಿ ಎಲ್ಲ ನಾರ್ಮಲ್. ಇಷ್ಟೆಲ್ಲ ನಾರ್ಮಲ್ ಇದ್ದೂ ಹೀಗಾಗುತ್ತಿದೆಯೆಂದರೆ ಯಂತ್ರದ ಕಣ್ಣಿಗೂ ಬೀಳದ ಕಾಯಿಲೆಯೇ ಇರಬೇಕೆಂಬ ಅವನ ಅನುಮಾನಪ್ರಮಾಣವನ್ನು ನ್ಯಾಯಶಾಸ್ತ್ರದ ಪಂಡಿತರೂ ಮುರಿಯಲಾರರು. ಮನೋವೈದ್ಯರ ಬಾಗಿಲು ಆ ಪಟ್ಟಿಯ ಕೊನೆಯಲ್ಲಿದೆ, ಅದೂ ಬೇರೆ ಊರಿನಲ್ಲಿದ್ದರೆ ಒಳ್ಳೆಯದು.

ಚಿಂತೆಯಿಂದ ಫಲವೇನು ಎಂಬುದು ಮುಖ್ಯ ಆಕ್ಷೇಪ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಈ ಕಾಯಿಲೆಯಿದ್ದ 29 ಮಂದಿಯಿಂದ ಅವರವರ ಚಿಂತೆಗಳನ್ನು ಬರೆಯಿಸಿ, ಅವುಗಳಲ್ಲಿ ಸುಮಾರು ಶೇ. 91 ನಿಜವಾಗಲಿಲ್ಲವೆಂದು 2020ರಲ್ಲಿ ಪ್ರಕಟಿಸಿದರು. ಆದ್ದರಿಂದ ಚಿಂತೆಗೆ ಆಧಾರವಿಲ್ಲ ಎಂಬುದು ಅವರ ಅವಸರದ ತೀರ್ಮಾನ. ಚಿಂತಿಸಿದ್ದರಿಂದಲೇ ಅವು ನಡೆಯಲಿಲ್ಲವೆಂಬುದು ಅವರಿಗೇಕೆ ಹೊಳೆಯಲಿಲ್ಲವೋ! ಶೇ. 91 ಎಂದರೆ ಡಿಸ್ಟಿಂಕ್ಷನ್. ಉಳಿದ ಒಂಬತ್ತರಲ್ಲಿ ಕಂತು ಸಾಲದೆ ಹೋಗಿರಬೇಕು. ಇದಕ್ಕೆ ಸ್ಥಳೀಯ ಪುರಾವೆಯೂ ಉಂಟು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2023 ಮತ್ತು 2024ರಲ್ಲಿ ರಾಜ್ಯಕ್ಕೆ ಮೊದಲಿದ್ದ ದಕ್ಷಿಣ ಕನ್ನಡ 2025ರಲ್ಲಿ ಉಡುಪಿಗೆ ಮೊದಲ ಸ್ಥಾನ ಬಿಟ್ಟುಕೊಟ್ಟು, ಅರ್ಧ ಶೇಕಡಾದಷ್ಟೂ ಅಂತರವಿಲ್ಲದೆ ಎರಡನೆಯದಾಯಿತು. ಪಠ್ಯ ಅದೇ, ಮಕ್ಕಳ ಟ್ಯೂಷನ್ನೂ ಅದೇ. ಎಲ್ಲೋ ನಾಲ್ಕು ಮನೆಗಳಲ್ಲಿ ಹೆತ್ತವರು ರಾತ್ರಿ ನಿದ್ದೆ ಮಾಡಿಬಿಟ್ಟಿರಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮಾತ್ರ ಕೊಂಚ ಕಸಿವಿಸಿ ಹುಟ್ಟಿಸುತ್ತಾರೆ. ಚಿಂತೆ ತಲೆಯಲ್ಲಿ ಚಿತ್ರವಾಗಿ ಮೂಡುವುದಕ್ಕಿಂತ ಮಾತಾಗಿ ಓಡುವುದೇ ಹೆಚ್ಚು, ಮಾತು ಓಡುತ್ತಿರುವಷ್ಟು ಹೊತ್ತು ಭಯವನ್ನು ನೇರ ನೋಡುವುದು ತಪ್ಪುತ್ತದೆ ಎಂದು ಅವರ ವಾದ. ದಮ್ಮಾಮಿನಲ್ಲಿರುವ ಮಗ ಫೋನ್ ಎತ್ತದಿದ್ದರೆ ಹುಷಾರಿಲ್ಲವಾ, ಕೆಲಸ ಹೋಯಿತಾ, ವೀಸಾದ್ದೇನಾದರೂ ಆಯಿತಾ ಎಂದು ಸಾಲು ಸಾಲು ಪ್ರಶ್ನೆ ಬರುತ್ತವೆ. ಅವನು ಡ್ಯೂಟಿಯಲ್ಲಿದ್ದಾನೆಂಬುದಕ್ಕೆ ಜಾಗವೇ ಉಳಿಯುವುದಿಲ್ಲ. ಎದುರಿನ ಪೇಪರಿನ ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತದಿರುವುದು ಈ ಕಾರಣಕ್ಕೆ. ಬೊರ್ಕೊವೆಕ್ ಹೇಳಿದ ಉಪಾಯವೆಂದರೆ ದಿನಕ್ಕೆ ಅರ್ಧ ಗಂಟೆ, ನಿಗದಿತ ಹೊತ್ತಿಗೆ, ನಿಗದಿತ ಜಾಗದಲ್ಲಿ ಕೂತು ಚಿಂತಿಸಿ, ಉಳಿದ ಹೊತ್ತು ಬರುವ ಚಿಂತೆಯನ್ನು ಮುಂದಕ್ಕೆ ಹಾಕುವುದು. ಪಿಗ್ಮಿ ಏಜೆಂಟ್ ಕೂಡ ಹೊತ್ತು ನೋಡಿಯೇ ಬರುತ್ತಿದ್ದುದರಿಂದ ಇದನ್ನು ನಮ್ಮ ಸಿದ್ಧಾಂತಕ್ಕೆ ಅನುಕೂಲವೆಂದೇ ತಿಳಿಯತಕ್ಕದ್ದು.

ಕಟ್ಟಾ ವಿಜ್ಞಾನವಾದಿಗಳು ಇಷ್ಟಕ್ಕೂ ಬಗ್ಗದೆ, ಆರು ತಿಂಗಳು ಚಿಂತಿಸದ ಒಂದು ಗುಂಪನ್ನು ಹೋಲಿಸಿ ನೋಡಿ, ಊರು ಮುಳುಗುತ್ತದೋ ತಿಳಿಯುತ್ತದೆ ಎನ್ನಬಹುದು. ನ್ಯಾಯವಾದ ಬೇಡಿಕೆ. ಆದರೆ ಉಳ್ಳಾಲದಿಂದ ಸುರತ್ಕಲ್ ತನಕ ಅಂಥವರನ್ನು ಹುಡುಕಿ ತಂದರೂ, ಅವರ ಪಾಲಿನ ಚಿಂತೆಯನ್ನು ಆ ಆರು ತಿಂಗಳು ಅವರ ತಾಯಂದಿರು ಮಾಡಿಬಿಡುತ್ತಾರೆ; ಪ್ರಯೋಗ ಕೆಟ್ಟುಹೋಗುತ್ತದೆ.