ಬುಲೆಟಿನ್ ಭಾವ

ಕೊರೊನಾ ಹೋಯಿತು. ಅದು ಕಲಿಸಿದ ಮಾತು ಮಾತ್ರ ಕೆಲವರ ನಾಲಿಗೆ ಬಿಟ್ಟು ಇಳಿದಿಲ್ಲ. ಇಂಥವರನ್ನು ಗುರುತಿಸಲು ಮುಖದ ಮೇಲೆ ಮಾಸ್ಕ್ ಹುಡುಕಬೇಡಿ. ಅದನ್ನು ಅವರು ಎಂದೋ ಸ್ಕೂಟರಿನ ಡಿಕ್ಕಿಯಲ್ಲಿ ತುರುಕಿ ಮರೆತಿದ್ದಾರೆ. ಬಾಯಿ ತೆರೆದರೆ ಸಾಕು, ಗೊತ್ತಾಗುತ್ತದೆ. ಹೆಂಡತಿ ತವರಿಗೆ ಹೋದರೆ ಇವರಿಗೆ ಅನ್‌ಲಾಕ್. ಮೊದಲನೇ ಅಳಿಯ ಬಂದು ಹೋದ ಮೇಲೆ ಎರಡನೇ ಅಳಿಯ ಬಂದರೆ ಎರಡನೇ ಅಲೆ. ಒರೆಸಿದ ನೆಲ ಒಣಗುವವರೆಗೆ ಅಡುಗೆಮನೆ ಕಂಟೈನ್‌ಮೆಂಟ್ ಝೋನ್. ಮಂಡಿಗೆ ಹಚ್ಚಿದ ಎಣ್ಣೆಯನ್ನೇ ರಾತ್ರಿ ಇನ್ನೊಮ್ಮೆ ಹಚ್ಚಿದರೆ ಬೂಸ್ಟರ್ ಡೋಸ್.

ಊರಿಗೊಬ್ಬರಾದರೂ ಇಂಥವರು ಇರುತ್ತಾರೆ. ನನ್ನ ಪಾಲಿಗೆ ಬಂದವರು ನಮ್ಮ ಅಕ್ಕನ ಗಂಡ.

ಭಾವ ಸರ್ಕಾರಿ ಕಚೇರಿಯಲ್ಲಿ ಮೂರು ದಶಕ ಫೈಲು ತಿರುವಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಟಿಪ್ಪಣಿ ಬರೆಯಲು ಏನೂ ಇಲ್ಲದೆ ಮಂಕಾಗಿದ್ದರು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ರಾಜ್ಯದ ಆರೋಗ್ಯ ಇಲಾಖೆ ದಿನವೂ ಬುಲೆಟಿನ್ ಹೊರಡಿಸತೊಡಗಿತು. ಸೋಂಕಿತರಿಗೆ ಹೆಸರಿಲ್ಲ, ನಂಬರು: ಪಿ-1, ಪಿ-2. ಪಕ್ಕದಲ್ಲಿ ವಯಸ್ಸು, ಜಿಲ್ಲೆ, ಪ್ರಯಾಣದ ಹಿನ್ನೆಲೆ, ಯಾರ ಸಂಪರ್ಕದಿಂದ ಬಂತೆಂಬ ವಿವರ. ಭಾವ ಹಳೆಯ ಡೈರಿ ತೆಗೆದು ಗೆರೆ ಹೊಡೆದು ಕಾಲಂ ಮಾಡಿದರು. ಮುಖದಲ್ಲಿ ಕಳೆ ಬಂತು ಎಂದು ಅಕ್ಕನೇ ಹೇಳಿದಳು.

ಆಮೇಲೆ ಅವರು ಮನುಷ್ಯರ ಭಾಷೆಗೆ ಮರಳಲಿಲ್ಲ. 'ಸೀಲ್‌ಡೌನ್' ಎಂಬುದು ನಮ್ಮ ಕನ್ನಡ ವಾಹಿನಿಗಳ ಮುದ್ದಿನ ಕೂಸು. ಅದಕ್ಕೆ ಭಾವನಷ್ಟು ಅನ್ನ ಹಾಕಿದವರು ಯಾರೂ ಇಲ್ಲ. ಆ ವರ್ಷದ ಕೊನೆಗೆ ಕಾಲಿನ್ಸ್ ನಿಘಂಟಿನವರು ವರ್ಷದ ಪದವಾಗಿ 'ಲಾಕ್‌ಡೌನ್' ಆರಿಸಿದರು. ಆಕ್ಸ್‌ಫರ್ಡಿನವರು ಯಾವುದೋ ಒಂದನ್ನು ಆರಿಸಲಾರೆವೆಂದು ಕೈಚೆಲ್ಲಿದರು. "ನನ್ನನ್ನ ಕೇಳಿದ್ರೆ ಹೇಳ್ತಿದ್ದೆ" ಎಂದರು ಭಾವ. ಜರ್ಮನಿಯ ಮನ್‌ಹೈಮ್‌ನ ಭಾಷಾ ಸಂಸ್ಥೆಯೊಂದು ಕೊರೊನಾ ಕಾಲದ ಸಾವಿರಕ್ಕೂ ಹೆಚ್ಚು ಹೊಸ ಪದಗಳನ್ನು ಕಲೆಹಾಕಿದೆ. ಮನೆಯಲ್ಲೇ ಕೂತು ತಿಂದು ಬಂದ ಬೊಜ್ಜಿಗೆ ಅಲ್ಲಿ 'ಕೊರೊನಾಸ್ಪೆಕ್' ಎಂಬ ಹೆಸರಿದೆ ಎಂದು ಓದಿದ ದಿನ ಭಾವ ಹೊಟ್ಟೆ ಸವರಿಕೊಂಡು, "ನೋಡಯ್ಯಾ, ಇದು ಇಂಪೋರ್ಟೆಡ್ಡು" ಎಂದು ಹಿಗ್ಗಿದರು.

ಇಷ್ಟನ್ನು ಸಹಿಸಬಹುದಿತ್ತು. ಹಲಸಿನ ಹಣ್ಣಿನ ಪ್ರಕರಣವನ್ನು ಸಹಿಸುವುದು ಕಷ್ಟ.

2020ರ ಜೂನ್. ಲಾಕ್‌ಡೌನ್ ಸಡಿಲಾಗಿ ಬಸ್ಸುಗಳು ಓಡುತ್ತಿದ್ದವು. ಅಕ್ಕನನ್ನು ನೋಡಿ ಬಹಳ ಕಾಲವಾಗಿತ್ತು. ತುಮಕೂರಿನಿಂದ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಬೆಂಗಳೂರಿನ ಹನುಮಂತನಗರದ ಅವಳ ಮನೆಗೆ ಹೋದೆ. ಗೇಟಿನಲ್ಲೇ ಭಾವ ಅಡ್ಡ ನಿಂತರು. ಒಂದು ಕೈಯಲ್ಲಿ ಸ್ಯಾನಿಟೈಸರ್, ಇನ್ನೊಂದರಲ್ಲಿ ಡೈರಿ.

"ಟ್ರಾವೆಲ್ ಹಿಸ್ಟರಿ ಹೇಳು."

"ತುಮಕೂರಿಂದ ಬಂದೆ ಭಾವ. ನಾನಿರೋದೇ ಅಲ್ಲಿ, ನಿಮಗೆ ಗೊತ್ತಲ್ಲ."

"ನಂಗೆ ಗೊತ್ತಿರೋದು ಬೇರೆ, ದಾಖಲೆ ಬೇರೆ. ಪಕ್ಕದ ಸೀಟಲ್ಲಿ ಯಾರಿದ್ರು?"

"ಈ ಹಣ್ಣು."

ಭಾವ ಗಂಭೀರವಾಗಿ ಬರೆದುಕೊಂಡರು: ಪ್ರಾಥಮಿಕ ಸಂಪರ್ಕ, ಹಲಸಿನ ಹಣ್ಣು.

ಅದೇ ಹೊತ್ತಿಗೆ ಅಕ್ಕ ಒಳಗೆ ಸಾರಿಗೆ ಒಗ್ಗರಣೆ ಹಾಕಬೇಕೆ? ಅಂಗಡಿಯಲ್ಲಿ ಬ್ಯಾಡಗಿ ಸಿಗದೆ ಗುಂಟೂರು ಮೆಣಸಿನಕಾಯಿ ತಂದಿದ್ದಳಂತೆ. ಘಾಟು ಗೇಟಿನವರೆಗೆ ಬಂತು. ನಾನು ಸೀನಿದೆ.

ಮುಂದಿನದೆಲ್ಲ ಪ್ರೋಟೋಕಾಲ್ ಪ್ರಕಾರ ನಡೆಯಿತು. ನನ್ನನ್ನು ಹೊರಗಿನ ಮೆಟ್ಟಿಲಿಂದಲೇ ಮಹಡಿಯ ಕೋಣೆಗೆ ಹತ್ತಿಸಿ, ಮೆಟ್ಟಿಲಿಗೆ ಬಟ್ಟೆ ಒಣಹಾಕುವ ಹಗ್ಗ ಅಡ್ಡ ಕಟ್ಟಿ ಸೀಲ್‌ಡೌನ್ ಘೋಷಿಸಿದರು. ಹಣ್ಣಿಗೂ ಸಾಂಸ್ಥಿಕ ಕ್ವಾರಂಟೈನ್: ಅದಕ್ಕೆ ಸೋಪಿನ ನೀರಿನ ಸ್ನಾನವಾಗಿ, ನನ್ನ ಕಿಟಕಿಯ ಕೆಳಗಿನ ಸಜ್ಜೆಯ ಮೇಲೆ ಜಾಗ ಸಿಕ್ಕಿತು. ಸಂಜೆ ಕುಟುಂಬದ ವಾಟ್ಸಾಪ್ ಗುಂಪಿಗೆ ಬುಲೆಟಿನ್ ಬಂತು. 'ಇಂದಿನ ಹೊಸ ಪ್ರಕರಣ 1. ಪಿ-1, ಪುರುಷ, ತುಮಕೂರಿನಿಂದ ಪ್ರಯಾಣದ ಹಿನ್ನೆಲೆ. ಲಕ್ಷಣ: ಸೀನು. ಸಂಪರ್ಕ ಪತ್ತೆ ಕಾರ್ಯ ಪ್ರಗತಿಯಲ್ಲಿದೆ. ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.'

ಸಾರ್ವಜನಿಕರು ಆತಂಕಪಟ್ಟರು. ಶಿವಮೊಗ್ಗದ ದೊಡ್ಡಮ್ಮ ಫೋನಿನಲ್ಲಿ ಅತ್ತೇಬಿಟ್ಟರು. ಸೋದರಮಾವ ಕ್ಷೇಮ ವಿಚಾರಿಸಿ, ನಾನು ಎಂದೋ ಪಡೆದಿದ್ದ ಕೈಸಾಲವನ್ನು ಬಹಳ ಸಂಕೋಚದಿಂದ ನೆನಪಿಸಿದರು. ಅಕ್ಕ ಹಗ್ಗದಾಚೆ ತಟ್ಟೆ ಇಟ್ಟು, "ನಾನೇನು ಮಾಡ್ಲೋ, ನಿಮ್ಮ ಭಾವ ಕೇಳಲ್ಲ" ಎಂದು ಹೇಳಿ ಹೋಗುವಾಗ ಅವಳೂ ಸೆರಗು ಮೂಗಿಗೆ ಒತ್ತಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಆ ತಿಂಗಳೇ ಕೇಂದ್ರ ಆರೋಗ್ಯ ಸಚಿವಾಲಯ ವಾಸನೆ, ರುಚಿ ತಿಳಿಯದಿರುವುದನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ಬೆಳಗಾದರೆ ಭಾವ ಅಂಗಳದಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

"ಪಿ-ಒನ್, ವಾಸನೆ ಬರ್ತಿದೆಯೇನಯ್ಯಾ?"

ಹಣ್ಣು ಬಿಸಿಲಿಗೆ ಕಳಿತು, ಬಿರಿದು, ಕೊಳೆಯುವ ಹಂತಕ್ಕೆ ಬಂದಿತ್ತು.

"ಬರ್ತಿದೆ ಭಾವ, ತಡೆಯಕ್ಕಾಗ್ತಿಲ್ಲ!"

"ಗುಡ್. ಇವತ್ತಿಗೆ ನೆಗೆಟಿವ್."

ಕೊನೆಗೆ ನೊಣಗಳ ಕಾಟಕ್ಕೆ ಪಕ್ಕದ ಮನೆಯವರು ಗಲಾಟೆ ಎಬ್ಬಿಸಿದ ಮೇಲೆ ನನಗೂ ಹಣ್ಣಿಗೂ ಒಟ್ಟಿಗೆ ಡಿಸ್ಚಾರ್ಜ್ ಆಯಿತು. ಅದು ಕಸದ ಗಾಡಿಗೆ, ನಾನು ತುಮಕೂರಿನ ಬಸ್ಸಿಗೆ. ಇವತ್ತಿಗೂ ನೆಂಟರ ಮದುವೆಗಳಲ್ಲಿ ಮಕ್ಕಳು ನನ್ನನ್ನು ಕರೆಯುವುದು 'ಪಿ-ಒನ್ ಮಾಮ' ಎಂದೇ.

ನಾನೇನು ಸಾಚಾ ಅಲ್ಲ. ಮನೆಯಿಂದ ಕೆಲಸ ಮಾಡುತ್ತಿದ್ದಾಗ ಹೆಂಡತಿ ಜಗಳ ತೆಗೆದರೆ, "ನಿನ್ನ ವಾಯ್ಸ್ ಬ್ರೇಕ್ ಆಗ್ತಿದೆ" ಎಂದು ಎದ್ದು ಹೋಗುವ ಚಟ ಅಂಟಿಸಿಕೊಂಡಿದ್ದೆ. ಒಂದು ಸಂಜೆ ಕಾಫಿ ಕೇಳಿದಾಗ ಅವಳು, "ನೀವು ಮ್ಯೂಟ್‌ನಲ್ಲಿದ್ದೀರಿ" ಎಂದಳು. ಚಟ ಬಿಟ್ಟಿತು.

ಭಾವನದು ಬಿಡಲಿಲ್ಲ. 2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಎದುರಾದವರನ್ನು 'ಊಟ ಆಯ್ತಾ' ಎನ್ನುವುದನ್ನು ಬಿಟ್ಟು 'ಫಸ್ಟ್ ಡೋಸ್ ಆಯ್ತಾ' ಎಂದು ಕೇಳತೊಡಗಿದರು. ಆಯಿತೆಂದರೆ ಮುಂದಿನ ಪ್ರಶ್ನೆ, "ಕೋವಿಶೀಲ್ಡೋ, ಕೋವ್ಯಾಕ್ಸಿನ್ನೋ?" ಗೋತ್ರ ವಿಚಾರಿಸುವ ಧಾಟಿಯಲ್ಲೇ. ತಮ್ಮದೇ ಲಸಿಕೆಯವರಾದರೆ ಒಳಗೆ ಕರೆದು ಕಾಫಿ, ಅಲ್ಲದಿದ್ದರೆ ಜಗಲಿಯ ಮೇಲೆ ಕಷಾಯ.

ಮರುತಿಂಗಳೇ ಎರಡನೇ ಅಲೆ ಬಂತು. ಈ ಸಲ ಬಂದ ಪದಗಳೇ ಬೇರೆ. ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದ ಬೆಡ್ಡಿಗೆ ಬಿಯು ನಂಬರ್ ಬೇಕಿತ್ತು. ಟೆಸ್ಟ್ ಮಾಡಿಸಿದ್ದಕ್ಕೆ ಎಸ್‌ಆರ್‌ಎಫ್ ಐಡಿ ಬೇಕಿತ್ತು. ಕರೆ ಮಾಡಬೇಕಿದ್ದದ್ದು 1912ಕ್ಕೆ. ಜ್ವರದ ಮನೆಗಳಲ್ಲಿ ಗಾಬರಿಗೊಂಡ ಜನಕ್ಕೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿದಿದ್ದವರು ಒಬ್ಬರೇ. ಹಿಂದಿನ ವರ್ಷ ನಕ್ಕಿದ್ದ ನೆಂಟರೆಲ್ಲ ಅಪರಾತ್ರಿಯಲ್ಲಿ ಅವರಿಗೇ ಫೋನ್ ಮಾಡಿದರು. ಭಾವ ಅದೇ ಡೈರಿ ತೆರೆದು, ಕಾಲಂಗಳಲ್ಲಿ ನಂಬರು ಬರೆದುಕೊಂಡು, ಬಿಡುವಿಲ್ಲದೆ ಡಯಲ್ ಮಾಡುತ್ತ ಕೂತರು. ಕೆಲವರಿಗೆ ಬೆಡ್ ಸಿಕ್ಕಿತು. ಕೆಲವರಿಗೆ ಸಿಗಲಿಲ್ಲ. ಶಿವಮೊಗ್ಗದ ದೊಡ್ಡಮ್ಮನ ಮಗನಿಗೆ ಸಿಕ್ಕಿದ್ದು ತಡವಾಗಿ. ಆ ದಿನಗಳಲ್ಲಿ ವಾಟ್ಸಾಪ್ ಗುಂಪಿಗೆ ಬುಲೆಟಿನ್ ಬರಲಿಲ್ಲ.

ಆಮೇಲೆ ನನಗೆ ಒಂದು ಸಂಗತಿ ಕಾಣಿಸಿತು. ಭಾವ ಇಂದಿಗೂ ಹಗಲೆಲ್ಲ ಆಡುವ ಮಾತುಗಳು ಮೊದಲ ಅಲೆಯವು: ಸೀಲ್‌ಡೌನ್, ಕ್ವಾರಂಟೈನ್, ಪ್ರೈಮರಿ ಕಾಂಟ್ಯಾಕ್ಟ್. ನಾವು ಹೆದರಿದ್ದರೂ ನಗಲು ಪುರುಸೊತ್ತಿದ್ದ ಕಾಲದವು. 'ಸ್ಯಾಚುರೇಷನ್' ಎಂದು ಅವರು ತಮಾಷೆಗೂ ಅಂದದ್ದನ್ನು ನಾನು ಕೇಳಿಲ್ಲ. 'ಆಕ್ಸಿಜನ್ ಬೆಡ್' ಎಂದೂ ಇಲ್ಲ. ಯಾರೂ ಅನ್ನುವುದಿಲ್ಲ. ಎರಡನೇ ಅಲೆಯಿಂದ ಹೊಸ ಪದ ಬೇಕಾದಷ್ಟು ಬಂದವು, ಆದರೆ ಅವುಗಳಲ್ಲಿ ಒಂದೂ ಚಟಾಕಿಯ ಮಾತಾಗಲಿಲ್ಲ. ಡೈರಿಯ ಕೊನೆಯ ಹಾಳೆಗಳಲ್ಲಿ ಅವೆಲ್ಲ ಇವೆಯೆಂದು ಅಕ್ಕ ಹೇಳುತ್ತಾಳೆ. ಡೈರಿ ಬೀರುವಿನಲ್ಲಿದೆಯಂತೆ, ಬೀಗದ ಕೈ ಭಾವನ ಹತ್ತಿರ.

ಹಾಗಾಗಿ ನಿಮ್ಮ ಬಳಗದಲ್ಲಿ ಇಂಥ ಬುಲೆಟಿನ್ ಭಾವ ಇದ್ದರೆ ತಿದ್ದಲು ಹೋಗಬೇಡಿ. ಎರಡನೇ ಅಳಿಯನನ್ನು ಎರಡನೇ ಅಲೆ ಎಂದರೆ ಎನ್ನಲಿ, ಅಳಿಯ ಸಹಿಸಿಕೊಳ್ಳುತ್ತಾನೆ. ನೀವು ಮಾತ್ರ ಅವರ ಮನೆಗೆ ಹೋಗುವ ಮುನ್ನ ಸೋದರಮಾವನ ಕೈಸಾಲ ತೀರಿಸಿಬಿಡಿ. ಒಗ್ಗರಣೆಯ ಹೊತ್ತು ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ.