ಬಿಡಿಬಿಡಿಯಾಗಿ ಲಕ್ಷಾಧೀಶ

ನಮ್ಮ ಶೆಡ್ಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರಿದೆ ಎಂದು ನಾನು ಹೇಳಿದರೆ ಬಂದವರು ನಂಬುತ್ತಾರೆ. ಟಾರ್ಪಾಲು ಎತ್ತುವವರೆಗೂ ಆ ನಂಬಿಕೆಗೆ ಯಾವ ಧಕ್ಕೆಯೂ ಇಲ್ಲ. ಎತ್ತಿದ ಮೇಲೆ ಕಾಣುವುದು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡು ಬಾಗಿಲು, 948 ಸಿಸಿ ಇಂಜಿನ್, ಮೂರು ಚಕ್ರ, ನಾಲ್ಕನೆಯದರ ಜಾಗದಲ್ಲಿ ಒಂದು ಸೈಜುಗಲ್ಲು. ಬಣ್ಣ ಆಕಾಶನೀಲಿ ಎಂದು ಆರ್‌ಸಿ ಬುಕ್ಕಿನಲ್ಲಿದೆ. ಈಗ ನೀಲಿ ಉಳಿದಿರುವುದೂ ಅಲ್ಲೇ.

"ಇದು ಸ್ಪೋರ್ಟ್ಸ್ ಕಾರಾ?" ಎಂದು ನೆಂಟರು ನನ್ನ ಮುಖ ನೋಡುತ್ತಾರೆ. ಆಗ ನಾನು ವಂಶಾವಳಿ ಬಿಚ್ಚುತ್ತೇನೆ. ಹೆರಾಲ್ಡ್ ಹುಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯಲ್ಲಿ. ರೂಪ ಕೊಟ್ಟವರು ಇಟಲಿಯ ಟುರಿನ್ ಊರಿನ ಜೊವಾನ್ನಿ ಮಿಕೆಲೊಟ್ಟಿ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಸುಮಾರು ಒಂದು ದಶಕ ಅದನ್ನು ನಮ್ಮಲ್ಲೇ ತಯಾರಿಸಿತು. ಅತ್ತ ಕವೆಂಟ್ರಿಯಲ್ಲಿ ಅದೇ ಷಾಸಿಯನ್ನು ಮೊಟಕುಗೊಳಿಸಿ, ಅದೇ ಮಿಕೆಲೊಟ್ಟಿ ಕೈಯಲ್ಲಿ ಬೇರೆ ಮೈ ಬರೆಸಿ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ರಸ್ತೆಗಿಳಿಸಿದರು. ಅದು 1980ರವರೆಗೂ ತಯಾರಾಯಿತು. ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್ ರ‍್ಯಾಕು, ಹಿಂದೆ ಅಡ್ಡಡ್ಡ ಕೂತ ಪಾಟಾ, ಎಲ್ಲ ಒಂದೇ ಮನೆತನದವು. ಹಾಗಾಗಿ ನಮ್ಮದು ಸ್ಪೋರ್ಟ್ಸ್ ಕಾರಿನ ಒಡಹುಟ್ಟು.

"ತಮ್ಮ ಅಮಲ್ದಾರನಾದರೆ ಅಣ್ಣನನ್ನೂ ಅಮಲ್ದಾರರೇ ಅಂತ ಕರೀತಾರೇನ್ರೀ?" ಎಂದು ನನ್ನ ಹೆಂಡತಿ ಅಡಿಗೆಮನೆಯಿಂದಲೇ ಕೇಳುತ್ತಾಳೆ. ನೆಂಟರು ಕಾಫಿ ಲೋಟದೊಳಗೆ ನಗುತ್ತಾರೆ.

ನಾನು ಅಷ್ಟಕ್ಕೆ ಬಿಡುವವನಲ್ಲ. ಸ್ಪಿಟ್‌ಫೈರ್‌ನ ಮೊದಲ ಮಾದರಿಗೂ ನಮ್ಮ ಶೆಡ್ಡಿನ ಗತಿಯೇ ಬಂದಿತ್ತು. ಕಂಪನಿ ಕೈಯಲ್ಲಿ ಕಾಸಿಲ್ಲದೆ ಅದು ಕಾರ್ಖಾನೆಯ ಮೂಲೆಯಲ್ಲಿ ಮುಸುಕು ಹೊದ್ದು ಬಿದ್ದಿತ್ತು. 1961ರಲ್ಲಿ ಕಂಪನಿಯನ್ನು ಕೊಂಡ ಲೇಲ್ಯಾಂಡಿನವರು ಏನೇನಿದೆ ಎಂದು ನೋಡುತ್ತಾ ಹೋದಾಗ ಮುಸುಕು ಎತ್ತಿದರು, ಮೆಚ್ಚಿದರು, ತಯಾರಿಗೆ ಒಪ್ಪಿಗೆ ಕೊಟ್ಟರು. ಆಮೇಲೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ಹೊರಬಂದವು.

"ಲೇಲ್ಯಾಂಡಿನವರು ನಮ್ಮನೆಗೆ ಬರೋದು ಯಾವಾಗ ಅಂತ ಕೇಳಿ ಹೇಳಿ. ಅಷ್ಟರೊಳಗೆ ನನಗೆ ವಾಷಿಂಗ್ ಮೆಷಿನ್ ಇಡೋಕೆ ಜಾಗ ಆಗಬೇಕು" ಎಂದಳು.

ರಿಪೇರಿ ಮಾಡಿಸುವ ಮಾತು ನಮ್ಮಲ್ಲಿ ಪ್ರತಿ ದಸರಾ ಆಯುಧಪೂಜೆಗೆ ಎದ್ದು, ಕುಂಬಳಕಾಯಿ ಒಡೆದ ಮೇಲೆ ಮಲಗುತ್ತದೆ. ಈ ಸಲ ಅವಳು ಅದಕ್ಕೂ ಅವಕಾಶ ಕೊಡಲಿಲ್ಲ. ಇಡಿಯಾಗಿ ಕೊಳ್ಳುವವರಿಲ್ಲ ತಾನೇ, ಬಿಡಿಬಿಡಿಯಾಗಿ ಮಾರಿ ಎಂದು ತೀರ್ಪಾಯಿತು. ನನಗೆ ಬೇಸರವಾಗಬೇಕಿತ್ತು, ಹುರುಪು ಬಂತು. ಬೆಲೆ ಕಟ್ಟುವ ಕೆಲಸವೆಂದರೆ ಕೈಗೆ ಗ್ರೀಸು ಅಂಟದೆ ಮೆಕ್ಯಾನಿಕ್ ಆಗುವ ಅವಕಾಶ.

ನೂರು ಹಾಳೆಯ ನೋಟುಬುಕ್ಕು ತಂದೆ. ಇಂಗ್ಲೆಂಡಿನ ಬಿಡಿಭಾಗದ ಅಂಗಡಿಗಳ ದರಪಟ್ಟಿ ತೆರೆದು, ಪೌಂಡಿನ ಲೆಕ್ಕವನ್ನು ನೂರರಿಂದ ಗುಣಿಸುತ್ತಾ ಹೋದೆ. ನಮ್ಮ ಸ್ಟೀರಿಂಗ್ ರ‍್ಯಾಕಿನ ಬೆಲೆ ಕಂಡು ಎದೆ ಉಬ್ಬಿತು. ಡಿಫರೆನ್ಷಿಯಲ್ ಬರೆಯುವ ಹೊತ್ತಿಗೆ ಶರ್ಟಿನ ಗುಂಡಿ ಬಿಗಿಯಾಯಿತು. ಕಾರ್ಬೊರೇಟರ್, ಡೈನಮೋ, ಡಿಸ್ಟ್ರಿಬ್ಯೂಟರ್, ಬಾಗಿಲಿನ ಹಿಡಿ, ಹಿಡಿಯ ಸ್ಕ್ರೂ, ಸ್ಕ್ರೂವಿನ ವಾಷರ್. ಮೂರು ಮುಕ್ಕಾಲು ಲಕ್ಷ! ತಳ್ಳಿದರೂ ಕದಲದ ಕಾರು ಬಿಚ್ಚಿದರೆ ಲಕ್ಷಾಧೀಶ.

"ಇವೆಲ್ಲ ಹೊಸದರ ಬೆಲೆ ಅಲ್ವಾ?"

"ತುಕ್ಕಿಗೆ ಅಂತ ಶೇಕಡಾ ಹತ್ತು ಕಳೆದಿದ್ದೀನಿ ಕಣೇ."

ಇನ್ನೊಂದು ಅನುಕೂಲವನ್ನೂ ವಿವರಿಸಿದೆ. ಹೆರಾಲ್ಡ್ ಬಿಚ್ಚಲೆಂದೇ ಹುಟ್ಟಿದ ಕಾರು. ಸ್ಟ್ಯಾಂಡರ್ಡ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿಸುವ ದಾರಿ ಮುಚ್ಚಿದ್ದರಿಂದ ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಷಾಸಿಯ ಮೇಲೆ ತಂದು ಬೋಲ್ಟು ಹಾಕಿದರು. ಬೋಲ್ಟು ತೆಗೆದರೆ ಮುಗಿಯಿತು, ಮೈ ಕಳಚಿ ಬರುತ್ತದೆ. ನಮ್ಮದರಲ್ಲಿ ಬೋಲ್ಟು ತೆಗೆಯದೆಯೂ ಒಂದೆರಡು ಕಡೆ ಕಳಚಿ ಬಂದಿದೆ, ಅದು ಬೇರೆ ವಿಷಯ.

ಮೊದಲು ಬಂದವನು ಬೀದಿಯ ಕೊನೆಯ ಗುಜರಿಯಾತ. ಅವನ ಕೈಯಲ್ಲಿ ನೋಟುಬುಕ್ಕಿರಲಿಲ್ಲ. ಶರ್ಟಿನ ಜೇಬಿನಲ್ಲಿ ಒಂದು ಅಯಸ್ಕಾಂತ, ಕಿವಿಯ ಮೇಲೆ ಬೀಡಿ, ಸೊಂಟದಲ್ಲಿ ಸ್ಕ್ರೂಡ್ರೈವರ್. ಅಯಸ್ಕಾಂತವನ್ನು ಚಾಲಕನ ಬಾಗಿಲಿಗೆ ಹಚ್ಚಿದ. ಅದು ಅಂಟದೆ ಜಾರಿ ನೆಲಕ್ಕೆ ಬಿತ್ತು. ಒಂದು ಗೇಣು ಈಚೆ ಹಚ್ಚಿದ. ಮತ್ತೆ ಬಿತ್ತು. ಮೂರನೆಯ ಜಾಗದಲ್ಲಿ ಟಕ್ ಎಂದು ಕಚ್ಚಿತು. ಅದು ಹಿಡಿಯ ಪಕ್ಕದ ರೂಪಾಯಿಯಗಲದ ಜಾಗ.

"ಬಾಗಿಲು ಇಷ್ಟೇ ಸಾರ್. ಮಿಕ್ಕಿದ್ದೆಲ್ಲ ಪುಟ್ಟಿ."

ಆಮೇಲೆ ಬಗ್ಗಿ ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಒತ್ತಿದ ಎನ್ನುವುದೂ ಹೆಚ್ಚಾಯಿತು, ಮುಟ್ಟಿಸಿದ. ಅದು ಹಿಡಿಯವರೆಗೆ ಒಳಗೆ ಹೋಗಿ, ಒಳಗಡೆ ಕಾರ್ಪೆಟ್ಟಿನಿಂದ ತಲೆ ಹಾಕಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಅವನ ಲೆಕ್ಕದಲ್ಲಿ ಕಾರು ಎಂಬುದೇ ಇಲ್ಲ. ತಗಡು, ಬೀಡು, ಹಿತ್ತಾಳೆ, ಅಲ್ಯೂಮಿನಿಯಂ, ಇಷ್ಟೇ. ಅಂಬಾಸಡರ್ ಅಥವಾ ಫಿಯಟ್ ಆಗಿದ್ದರೆ ಸಾಮಾನು ಬಿಚ್ಚಿ ಇಟ್ಟುಕೊಳ್ಳಬಹುದಿತ್ತಂತೆ, ಯಾರಾದರೂ ಕೇಳಿಕೊಂಡು ಬರುತ್ತಾರೆ. ಹೆರಾಲ್ಡಿನದು ಇಟ್ಟುಕೊಂಡರೆ ಜಾಗಕ್ಕೆ ದಂಡ. ಕಿಲೋಗೆ 25 ರೂಪಾಯಿ ಎಂದ. ಹೆರಾಲ್ಡಿನ ತೂಕ ಸುಮಾರು 800 ಕಿಲೋ ಎಂದು ನನಗೆ ಗೊತ್ತಿತ್ತು. ಅವನು ಕಣ್ಣಳತೆಯಲ್ಲೇ ಆರುನೂರು ಎಂದ.

ಇಲ್ಲಿ ನನ್ನ ಪಿಯುಸಿ ರಸಾಯನಶಾಸ್ತ್ರ ಎದ್ದು ನಿಂತಿತು. ತುಕ್ಕು ಹಿಡಿದರೆ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಕಬ್ಬಿಣ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. 100 ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ 143 ಗ್ರಾಂ ಆಗುತ್ತದೆ, ನೀರಿನಂಶ ಸೇರಿದರೆ ಇನ್ನೂ ಮೇಲೆ. "ಆದ್ದರಿಂದ ಕಾರು ಹಳೆಯದಾದಷ್ಟೂ ನೀನು ಕೊಡಬೇಕಾದ ದುಡ್ಡು ಜಾಸ್ತಿಯಾಗಬೇಕಪ್ಪ" ಎಂದೆ. ಗುಜರಿಯಾತ ಬೀಡಿಯನ್ನು ಕಿವಿಯಿಂದ ತೆಗೆದು, ಯೋಚಿಸಿ, ಮತ್ತೆ ಅಲ್ಲೇ ಸಿಕ್ಕಿಸಿದ.

"ಇರಬಹುದು ಸಾರ್. ಆ ಜಾಸ್ತಿಯಾದ ತುಕ್ಕು ಎಲ್ಲಿ?"

"ನಾನು ಗುಡಿಸಿ ಹಾಕಿದ್ದೀನಿ" ಎಂದಳು ಹೆಂಡತಿ. "ಮದುವೆ ಆದಾಗಿಂದ."

ಕಾನೂನು ನನ್ನ ಕಡೆಗಿದೆ ಎಂದು ತೋರಿಸಿದೆ. ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ಗೌರವಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲೇ ತಂದಿದೆ. ಷಾಸಿಗೆ, ಬಾಡಿಗೆ, ಇಂಜಿನ್ನಿಗೆ ದೊಡ್ಡ ಮಾರ್ಪಾಡು ಮಾಡಿರಬಾರದು ಎಂಬುದು ಷರತ್ತು. ನಾವು ಮಾರ್ಪಾಡಿರಲಿ, ನೀರೂ ಹಾಕಿಲ್ಲ. ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ನನ್ನ ಎಂಟುನೂರು ಕಿಲೋ ಒಪ್ಪಿಕೊಂಡರೆ ಗುಜರಿಯವನ ಲೆಕ್ಕವೂ ಸರಿಯಾಗಿ 20,000. ಅಂದರೆ ಕಾರನ್ನು ಮಾರಿದ ದುಡ್ಡಿನಲ್ಲಿ ಅದೇ ಕಾರಿಗೆ ಮರ್ಯಾದೆ ಕೊಡಿಸಬಹುದು.

"ಐವತ್ತು ದಾಟಿದವರಿಗೆ ಮರ್ಯಾದೆ ಕೊಡಬೇಕು ಅನ್ನೋ ಕಾನೂನು ಕಾರಿಗೆ ಮಾತ್ರಾನಾ?" ಎಂದು ಕೇಳಿದ್ದು ನಾನಲ್ಲ. ಆದರೆ ಕೇಳುವ ಹಕ್ಕು ನನಗೂ ಇತ್ತು.

ಗುಜರಿಯಾತನನ್ನು ಕಾಯಲು ಹೇಳಿ, ಹೆರಾಲ್ಡ್ ಇಟ್ಟುಕೊಂಡಿರುವ ಬೆಂಗಳೂರಿನ ಒಬ್ಬ ಹುಡುಗನನ್ನು ಕರೆಸಿದೆ. ತಿಳಿದವನು ಎಂದು ನೋಡಿದಾಗಲೇ ಗೊತ್ತಾಯಿತು. ಕಾರಿನ ಮುಂದೆ ನಿಂತು ಫೋಟೋ ತೆಗೆಯಲಿಲ್ಲ, ಸೀದಾ ಅಡಿಗೆ ನುಗ್ಗಿದ. ಷಾಸಿಯ ನಡುದಂಡದಿಂದ ಎರಡೂ ಪಕ್ಕಕ್ಕೆ ಚಾಚಿದ ಕೈಗಳಿರುತ್ತವೆ, ಬಾಡಿ ಕೂರುವುದು ಅವುಗಳ ಮೇಲೆ. ಪೆಟ್ಟಿಗೆಯಂಥ ಆ ಕೈಗಳೊಳಗೆ ನೀರು, ಕೆಸರು ನಿಂತು ಒಳಗಿನಿಂದಲೇ ತಿನ್ನುತ್ತದೆ. ಆಮೇಲೆ ಡಿಕ್ಕಿಯ ತಳ, ಕಾಲಿಡುವ ತಗಡು, ಹೆಡ್‌ಲೈಟಿನ ಸುತ್ತು.

"ಅಂಕಲ್, ನನಗೆ ಬೇಕಾಗಿದ್ದು ಇವೇ. ನಿಮ್ಮಲ್ಲೂ ಇವೇ ಹೋಗಿವೆ" ಎಂದ ಅಡಿಯಿಂದ.

ಈ ವ್ಯಾಪಾರದ ಗುಟ್ಟು ನನಗೆ ಹೊಳೆದದ್ದು ಆಗ. ಒಂದು ಮಾದರಿಯ ಕಾರೆಲ್ಲ ಒಂದೇ ಜಾಗದಲ್ಲಿ ಸಾಯುತ್ತವೆ. ಎಲ್ಲರಿಗೂ ಬೇಕಾದ ಭಾಗ ಯಾರ ಕಾರಿನಲ್ಲೂ ಇರುವುದಿಲ್ಲ, ಎಲ್ಲರ ಕಾರಿನಲ್ಲೂ ಗಟ್ಟಿಯಾಗಿರುವ ಭಾಗ ಯಾರಿಗೂ ಬೇಕಾಗುವುದಿಲ್ಲ. ನನ್ನ ನೋಟುಬುಕ್ಕಿನ ಮೂರು ಮುಕ್ಕಾಲು ಲಕ್ಷದಲ್ಲಿ ಹೆಚ್ಚಿನದು ಈ ಎರಡನೆಯ ಜಾತಿ. ಸ್ಟೀರಿಂಗ್ ರ‍್ಯಾಕ್ ಕೇಳಿದರೆ "ಎರಡಿದೆ ಅಂಕಲ್" ಎಂದ. ಡಿಫರೆನ್ಷಿಯಲ್? "ಮೂರು. ಒಂದು ಬೇಕಾ ನಿಮಗೆ?"

ಬೇಕು ಎನ್ನಲು ಬಾಯಿ ತೆರೆದಿದ್ದೆ. ಹೆಂಡತಿ ಕೆಮ್ಮಿದಳು.

ಆದರೂ ಹುಡುಗ ಬಾನೆಟ್ ಎತ್ತಿದಾಗ ಒಂದು ಕ್ಷಣ ನನ್ನ ಮಾನ ಉಳಿಯಿತು. ಹೆರಾಲ್ಡಿನ ಬಾನೆಟ್ ಎಂದರೆ ಮಡ್‌ಗಾರ್ಡ್, ಹೆಡ್‌ಲೈಟ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿ, ಇಂಜಿನ್, ಚಕ್ರ, ಸಸ್ಪೆನ್ಷನ್ ಎಲ್ಲ ಬಯಲಾಗುತ್ತದೆ. ಟಯರಿನ ಮೇಲೆ ಕೂತು ಆರಾಮವಾಗಿ ರಿಪೇರಿ ಮಾಡಬಹುದು. ಅಪ್ಪ ಹಾಗೆ ಕೂತು ಪ್ರಜಾವಾಣಿ ಓದುತ್ತಿದ್ದರು. ರಿಪೇರಿ ಮಾಡಿದ್ದನ್ನು ಕಂಡ ನೆನಪಿಲ್ಲ, ವಂಶದಲ್ಲೇ ಬಂದದ್ದು.

ಕೈ ತೊಳೆಯಲು ಬಚ್ಚಲಿಗೆ ಹೋದ ಹುಡುಗ ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ, ನಾನು ಗಡ್ಡ ಹೆರೆಯುವ ಕನ್ನಡಿಯ ಮುಂದೆ ನಿಂತಿದ್ದ. ಮುಖ ನೋಡಿಕೊಳ್ಳುತ್ತಿರಲಿಲ್ಲ, ಕನ್ನಡಿಯ ಹಿಂಬದಿ ನೋಡುತ್ತಿದ್ದ. "ಅಂಕಲ್, ಇದು ಒರಿಜಿನಲ್ಲು!" ಅಲ್ಲಿಂದ ಅವನಿಗೆ ಕಣ್ಣು ಬಂತು. ಗೇಟಿನ ಹಾರನ್ನು. ದೇವರ ಕೋಣೆಯ ಕಪಾಟಿಗೆ ಹಾಕಿಸಿದ್ದ ಡ್ಯಾಶ್‌ಬೋರ್ಡಿನ ಗುಬಟು. ಜಗಲಿಯಲ್ಲಿ ಅಮ್ಮ ಕೂತು ಬತ್ತಿ ಹೊಸೆಯುವ ಹಿಂದಿನ ಸೀಟು. ಅಮ್ಮನನ್ನು ಎಬ್ಬಿಸದೆಯೇ ಬಗ್ಗಿ ಸ್ಪ್ರಿಂಗ್ ಎಣಿಸಿದ. ಷಾಸಿಯಲ್ಲಿ ಮಳೆ ತಿನ್ನದೆ ಬಿಟ್ಟದ್ದನ್ನು ನಾವು ತಿಂದಿದ್ದೆವು. ಕಾರಿನ ಒಳ್ಳೆಯ ಅರ್ಧ ಶೆಡ್ಡಿನಲ್ಲಿರಲೇ ಇಲ್ಲ, ನಲವತ್ತು ವರ್ಷದಿಂದ ಮನೆಯೊಳಗೆ ಸಂಸಾರ ಮಾಡಿಕೊಂಡಿತ್ತು. ಹುಡುಗನ ಮೊಬೈಲಿನಲ್ಲಿ ಪಟ್ಟಿ ಬೆಳೆಯಿತು. ನಾನು ನೋಟುಬುಕ್ಕು ತೆರೆದು ಇನ್ನೊಂದು ಪುಟಕ್ಕೆ ಗೆರೆ ಎಳೆದೆ.

ಅಂಗಳಕ್ಕೆ ಬಂದವನು ದಾಸವಾಳದ ಕುಂಡಗಳ ಮುಂದೆ ಮಂಡಿಯೂರಿಬಿಟ್ಟ. ಎರಡು ಕುಂಡಗಳ ಅಡಿಯಲ್ಲಿ ನೀರು ಸುರಿಯದ ಹಾಗೆ ಬೋರಲು ಮಾಡಿ ಇಟ್ಟಿದ್ದ ವೀಲ್ ಕ್ಯಾಪುಗಳು. ವಾರಕ್ಕೊಮ್ಮೆ ಅವಳು ಪಾತ್ರೆಪುಡಿ ಹಾಕಿ ತಿಕ್ಕುವುದರಿಂದ ಫಳಫಳ ಹೊಳೆಯುತ್ತಿದ್ದವು, ಒಂದು ನೆಗ್ಗೂ ಇಲ್ಲ.

"ಆಂಟಿ, ಇವಕ್ಕೆ ಮಾತ್ರ ಐದು ಸಾವಿರ ಕೊಡ್ತೀನಿ. ನನ್ನ ಹತ್ತಿರ ಎರಡೇ ಇರೋದು. ಇವು ಸಿಕ್ಕಿದರೆ ಸೆಟ್ಟು ಪೂರ್ತಿ ಆಗತ್ತೆ."

ಶೆಡ್ಡು ಖಾಲಿಯಾಗಲಿ ಎಂದು ಇಷ್ಟು ದಿನ ನನ್ನ ತಲೆ ತಿಂದವಳು ಈಗ ಸೆರಗು ಸಿಕ್ಕಿಸಿಕೊಂಡು ಕುಂಡಗಳ ಮುಂದೆ ಬಂದು ನಿಂತಳು. ಕುಂಡ ಒಟ್ಟು ನಾಲ್ಕು. ಕ್ಯಾಪಿಲ್ಲದ ಎರಡರ ಕೆಳಗೆ ನೆಲವೆಲ್ಲ ಕೆಂಪು ಕಲೆ.

"ನಿಮ್ಮ ಹತ್ತಿರ ಎರಡಿದೆ ಅಂದಿರಲ್ಲಪ್ಪಾ," ಎಂದಳು, "ಎಷ್ಟಕ್ಕೆ ಕೊಡ್ತೀರಾ?"